ಪಿನ್ಯಾ ಕೊಲಾಡಾ ಒಡೆಯುತ್ತೆ, ಕೊನೆಗೆ ಕಹಿ ಬರುತ್ತೆ. ಎಲ್ಲಿ ತಪ್ಪುತ್ತಿದೆ?

ಶನಿವಾರಸಂಜೆ:

ಹತ್ತು ಜನಕ್ಕೆ ಮನೆಯಲ್ಲೇ ಪಿನ್ಯಾ ಕೊಲಾಡಾ, ಅಂದರೆ ರಮ್-ಅನಾನಸ್-ತೆಂಗಿನ ಕಾಕ್‌ಟೇಲ್, ಮಾಡಬೇಕು. ಎಂಟು ಜನ ಕುಡಿಯೋರು, ಇಬ್ಬರು ಕುಡಿಯದವರು, ತಲಾ ಎರಡು ಗ್ಲಾಸ್ ಲೆಕ್ಕ. ಟ್ರಯಲ್‌ಗೆ ಹಾಕಿದ ಅಳತೆ ಇದು: ಬಿಳಿ ರಮ್ 60 ಮಿಲಿ, ಪ್ಯಾಕೆಟ್ ತೆಂಗಿನಹಾಲು 60 ಮಿಲಿ, ತಾಜಾ ಅನಾನಸ್ ಹೋಳು ಒಂದು ಕಪ್, ಸಕ್ಕರೆ ಎರಡು ಚಮಚ, ವೆನಿಲಾ ಐಸ್‌ಕ್ರೀಮ್ ಒಂದು ಸ್ಕೂಪ್, ಐಸ್ ಎಂಟು ತುಂಡು. ಎಲ್ಲ ಒಟ್ಟಿಗೆ ಮಿಕ್ಸಿಗೆ ಹಾಕಿ ಎರಡು ನಿಮಿಷ ತಿರುಗಿಸಿದ್ದು.

ತೊಂದರೆ ಮೂರು. ಗ್ಲಾಸಿಗೆ ಸುರಿದ ಐದು ನಿಮಿಷಕ್ಕೆ ಮೇಲೆ ನೊರೆ, ಕೆಳಗೆ ನೀರು. ಕುಡಿಯುವಾಗ ಮೇಣದ ಚೂರಿನಂಥದ್ದು ನಾಲಿಗೆಗೆ ಸಿಗುತ್ತೆ. ಅರ್ಧ ಗ್ಲಾಸ್ ಖಾಲಿಯಾಗೋ ಹೊತ್ತಿಗೆ ಕಹಿ. ಇರೋದು 750 ವ್ಯಾಟ್ ಮಾಮೂಲಿ ಮಿಕ್ಸಿ, ಬ್ಲೆಂಡರ್ ಇಲ್ಲ. ಓಲ್ಡ್ ಮಾಂಕ್ (ಕಂದು ರಮ್) ಇದೆ, ಅದನ್ನೇ ಹಾಕಿದರೆ ನಡೆಯುತ್ತಾ? ಕುಡಿಯದ ಇಬ್ಬರಿಗೂ ಹೆಚ್ಚುಕಡಿಮೆ ಅದೇ ರುಚಿಯದ್ದು ಕೊಡಬೇಕು.

ಅಳತೆಲೋಟ:

ಮೂರಕ್ಕೂ ಬೇರೆ ಬೇರೆ ಕಾರಣ. ಸುಲಭದ್ದು ಮೊದಲು.

ಕಹಿಗೆ ಕಾರಣ ಐಸ್‌ಕ್ರೀಮ್. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇದೆ, ಪ್ರೋಟೀನನ್ನು ಕತ್ತರಿಸೋದೇ ಅದರ ಕೆಲಸ. ಜಾಸ್ತಿ ಅನಾನಸ್ ತಿಂದಾಗ ನಾಲಿಗೆ ಚುರುಚುರು ಅನ್ನೋದರಲ್ಲೂ ಅದರ ಪಾಲಿದೆ. ಹಾಲಿನ ಪ್ರೋಟೀನ್ ಸಿಕ್ಕಿದ ತಕ್ಷಣ ಅದನ್ನು ತುಂಡುಮಾಡಲು ಶುರುಮಾಡುತ್ತೆ, ಆ ತುಂಡುಗಳ ರುಚಿಯೇ ಕಹಿ. ಮೊದಲ ಗುಟುಕು ಚೆನ್ನಾಗಿದ್ದು ಕೊನೆಯದು ಕೆಡೋದು ಇದಕ್ಕೇ, ಕಿಣ್ವಕ್ಕೆ ಅಷ್ಟು ಹೊತ್ತು ಸಿಕ್ಕಿರುತ್ತೆ. ಫ್ರೀಜರ್‌ನಲ್ಲಿಟ್ಟರೆ ಅದು ಸಾಯಲ್ಲ, ಮಲಗಿರುತ್ತೆ ಅಷ್ಟೆ. ಬಿಸಿಗೆ ಮಾತ್ರ ಸಾಯೋದು. ಡಬ್ಬದ ಅನಾನಸ್, ಟೆಟ್ರಾ ಪ್ಯಾಕ್ ಜ್ಯೂಸ್ ಎರಡೂ ಕಾಯಿಸಿಯೇ ಬಂದಿರೋದರಿಂದ ಅವುಗಳ ಜೊತೆ ಈ ರಗಳೆ ಇಲ್ಲ. ತಾಜಾ ಹಣ್ಣೇ ಬೇಕು ಅಂದರೆ ಐಸ್‌ಕ್ರೀಮ್ ಬಿಡಿ. ಬಿಟ್ಟರೆ ನಷ್ಟವೇನೂ ಇಲ್ಲ, ವೆನಿಲಾ ಬಂದರೆ ಕಾಯಿಯ ಘಮ ಮುಚ್ಚಿಹೋಗುತ್ತೆ.

ನೀರು ಬೇರೆಯಾಗೋದು ಮುಖ್ಯ ಸಮಸ್ಯೆ, ಅದರ ಬೇರು ತೆಂಗಿನಹಾಲಲ್ಲಿದೆ. ಈ ಡ್ರಿಂಕ್‌ಗೆ ಬೇಕಾಗಿರೋದು ತೆಂಗಿನಹಾಲು ಅಲ್ಲ, ಸಿಹಿ ಹಾಕಿ ಮಂದ ಮಾಡಿದ ತೆಂಗಿನ ಕ್ರೀಮ್. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಇದು ಹುಟ್ಟಿದಾಗಿನಿಂದ ಬಳಸ್ತಿರೋದು ಕೊಕೊ ಲೋಪೆಜ್ ಅನ್ನೋ ಡಬ್ಬದ ಮಾಲು. ಅದು ಕಂಡೆನ್ಸ್‌ಡ್ ಮಿಲ್ಕಿನ ಹಾಗೆ ದಪ್ಪ, ಅಷ್ಟೇ ಸಿಹಿ. ನಮ್ಮಲ್ಲಿ ಸಾರು-ಕರಿಗೆ ಅಂತ ಬರೋ ಪ್ಯಾಕೆಟ್‌ನಲ್ಲಿ ಸಿಹಿ ಇರಲ್ಲ, ನೀರಂಶ ಜಾಸ್ತಿ. ಸಕ್ಕರೆಯನ್ನು ಬೇರೆಯಾಗಿ ಐಸ್ ಜೊತೆ ಹಾಕಿದರೆ ತಣ್ಣಗಿನಲ್ಲಿ ಪೂರ್ತಿ ಕರಗೋದೂ ಇಲ್ಲ. ಸಕ್ಕರೆ ಇಲ್ಲಿ ಸಿಹಿಗಷ್ಟೇ ಅಲ್ಲ. ಪಾಕ ದಪ್ಪಗಿದ್ದರೆ ಕೊಬ್ಬಿನ ಹನಿಗಳು ಬೇಗ ಮೇಲೇಳಲ್ಲ, ಒಂದಕ್ಕೊಂದು ಕೂಡಿಕೊಳ್ಳಲ್ಲ.

ಹೀಗೆ ಮಾಡಿ. 200 ಮಿಲಿಯ ಒಂದು ಪ್ಯಾಕೆಟ್ ಗಟ್ಟಿ ತೆಂಗಿನಹಾಲಿಗೆ 160 ಗ್ರಾಂ ಸಕ್ಕರೆ, ಎರಡು ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಸೌಟು ಆಡಿಸ್ತಾ ಸಕ್ಕರೆ ಕರಗೋವರೆಗೆ ಬಿಸಿ ಮಾಡಿ. ಅಂಚಿನಲ್ಲಿ ಹಬೆ ಕಾಣಿಸಿದರೆ ಸಾಕು, ಕುದಿ ಬರಬಾರದು. ಕುದಿಸಿದರೆ ಅದರ ಪ್ರೋಟೀನ್ ಗಟ್ಟಿಕಟ್ಟಿ ಎಣ್ಣೆ ಬಿಡುತ್ತೆ, ಆಮೇಲೆ ಎಷ್ಟು ಕಡೆದರೂ ಸೇರಲ್ಲ. ಇಳಿಸಿ ಮಿಕ್ಸಿಯಲ್ಲಿ ಹತ್ತು ಸೆಕೆಂಡ್ ತಿರುಗಿಸಿ ಆರಲು ಬಿಡಿ. ಹತ್ತಿರ ಹತ್ತಿರ 300 ಮಿಲಿ ಸಿಗುತ್ತೆ, ಗ್ಲಾಸಿಗೆ 30 ಮಿಲಿಯಂತೆ ಹತ್ತು ಗ್ಲಾಸ್. ಚಮಚದ ಬೆನ್ನಿಗೆ ಅಂಟಿಸಿ ಬೆರಳಲ್ಲಿ ಗೆರೆ ಎಳೀರಿ. ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂದಿದೆ.

ಈಗ ಮೇಣದ ಚೂರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಚಳಿಗಾಲದ ಬೆಳಿಗ್ಗೆ ಬಾಟಲಿ ನೋಡಿದವರಿಗೆ ಹೇಳಬೇಕಿಲ್ಲ. ತೆಂಗಿನಹಾಲನ್ನು ಫ್ರಿಜ್‌ನಿಂದ ತೆಗೆದು ನೇರ ಐಸ್ ಜೊತೆ ಹಾಕಿದರೆ, ಆಗಲೇ ಗಟ್ಟಿಯಾದ ಕೊಬ್ಬು ಬ್ಲೇಡಿಗೆ ಸಿಕ್ಕಿ ಚೂರಾಗುತ್ತೆ, ಕರಗಲ್ಲ. ಎರಡು ನಿಮಿಷ ಕಡೆದರಂತೂ ಬೆಣ್ಣೆ ತೆಗೆದ ಹಾಗೇ. ಕ್ರೀಮ್ ಹೊರಗಿನ ಬಿಸಿಯಲ್ಲಿರಲಿ, ತಣ್ಣಗಿರಬೇಕಾದದ್ದು ರಮ್ಮು ಮತ್ತು ಹಣ್ಣು.

ಇನ್ನು ಒಂದು ಗ್ಲಾಸಿಗೆ ಅಳತೆ: ರಮ್ 50 ಮಿಲಿ, ಕ್ರೀಮ್ 30, ಫ್ರೀಜರ್‌ನಲ್ಲಿಟ್ಟ ಅನಾನಸ್ ಹೋಳು 100 ಗ್ರಾಂ, ನಿಂಬೆರಸ 10 ಮಿಲಿ, ಪುಡಿ ಐಸ್ 60 ಗ್ರಾಂ. ಅಂತಾರಾಷ್ಟ್ರೀಯ ಬಾರ್‌ಟೆಂಡರ್ ಸಂಘದ ಪಟ್ಟಿಯಲ್ಲಿ ರಮ್ 50, ತೆಂಗಿನ ಕ್ರೀಮ್ 30, ತಾಜಾ ಅನಾನಸ್ ರಸ 50 ಅಂತಿದೆ, ನಿಂಬೆ ಇಲ್ಲ. ನಮ್ಮ ಮಾರ್ಕೆಟ್ ಹಣ್ಣಿನಲ್ಲಿ ಹುಳಿ ಒಂದೊಂದು ಸಲ ಒಂದೊಂದು ಥರ, ಅದಕ್ಕೇ ನಿಂಬೆ ಸೇರಿಸಿದ್ದು.

ಬಲಿತಕಾಯಿ:

ಪ್ಯಾಕೆಟ್ ಯಾಕೆ ಮಾರಾಯ್ರೆ, ಕಾಯಿ ಸಿಗುವ ಊರಲ್ಲಿದ್ದುಕೊಂಡು? ರುಚಿಗೆ ಅಜಗಜಾಂತರ ಉಂಟು. ಆದರೆ ಒಂದು ಮಾತು, ಮನೆಯಲ್ಲಿ ಹಿಂಡಿದ ಹಾಲು ಪ್ಯಾಕೆಟ್‌ಗಿಂತ ಬೇಗ ಒಡೆಯುತ್ತದೆ. ಪ್ಯಾಕೆಟ್‌ನಲ್ಲಿ ಅಂಟಿನ ಪುಡಿ ಹಾಕಿರ್ತಾರೆ, ನಮ್ಮದರಲ್ಲಿ ಇಲ್ಲ. ಅದನ್ನು ನಾವೇ ಹಾಕಬೇಕು.

ಒಂದು ಬಲಿತ ಕಾಯಿ, ಅಲ್ಲಾಡಿಸಿದರೆ ನೀರಿನ ಸದ್ದು ಕೇಳಬೇಕು. ಎಳೆಕಾಯಿಯಲ್ಲಿ ಕೊಬ್ಬಿಲ್ಲ, ಗಿಟುಕಾದರೆ ಕಮಟು. ಕಂದು ಸಿಪ್ಪೆ ಬಾರದ ಹಾಗೆ ತುರಿದು, ಅರ್ಧ ಕಪ್ ಬಿಸಿನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ನೀರು ಬಿಸಿ ಇದ್ದರೆ ಕೊಬ್ಬು ಚೆನ್ನಾಗಿ ಬಿಡುತ್ತದೆ. ಮೊದಲ ಹಾಲು ಮಾತ್ರ ಇದಕ್ಕೆ. ಎರಡನೆಯದ್ದನ್ನು ಮರುದಿನದ ಗಸಿಗೆ ಇಟ್ಟುಕೊಳ್ಳಿ. ಆಸೆಪಟ್ಟು ಎರಡೂ ಸೇರಿಸಿದರೆ ಡ್ರಿಂಕ್ ನೀರಾಯಿತು ಅಂತ ಮತ್ತೆ ಇಲ್ಲಿಗೇ ಬರ್ತೀರಿ.

200 ಮಿಲಿ ಹಾಲಿಗೆ ಕಾಲು ಟೀ ಚಮಚ ಗ್ವಾರ್ ಗಮ್ ಅಥವಾ ಜಾಂಥಾನ್ ಗಮ್, ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ನೇರ ಹಾಲಿಗೆ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟು. ಒಣ ಸಕ್ಕರೆಯಲ್ಲಿ ಮೊದಲು ಬೆರೆಸಿ, ಆ ಸಕ್ಕರೆಯನ್ನು ಹಾಲಿಗೆ ಸ್ವಲ್ಪ ಸ್ವಲ್ಪವೇ ಹಾಕ್ತಾ ಕಲಕಬೇಕು. ಜಾಸ್ತಿ ಹಾಕಿದರೆ ಲೋಳೆ ಲೋಳೆ, ಎಚ್ಚರ. ಫ್ರಿಜ್‌ನಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಬಳಸುವ ಮೊದಲು ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನಿಲ್ಲಿಸಿ ಅಲ್ಲಾಡಿಸಿ.

ಹುಳಿಯನ್ನು ಕಾಯಿಹಾಲಿಗೆ ನೇರ ಹಿಂಡಬೇಡಿ. ನಿಂಬೆರಸ ಬಿದ್ದಲ್ಲೇ ಅದರ ಪ್ರೋಟೀನ್ ಮುದ್ದೆಯಾಗ್ತದೆ. ನಿಂಬೆಯನ್ನು ಅನಾನಸ್ ಜೊತೆ ಬೆರೆಸಿಟ್ಟು, ಕ್ರೀಮನ್ನು ಆಮೇಲೆ ಹಾಕಿ ಒಡನೆ ತಿರುಗಿಸಬೇಕು.

ಗ್ಲಾಸ್_ಬೆನ್ನಿಗೆ_ಬಾರ್:

ರಮ್ ವಿಷಯ ಯಾರೂ ಹೇಳಿಲ್ಲ. ಓಲ್ಡ್ ಮಾಂಕ್ ಹಾಕಬಹುದು, ಆದರೆ ಪೂರ್ತಿ ಅದನ್ನೇ ಹಾಕಬೇಡಿ. ಅದರ ವೆನಿಲಾ, ಸುಟ್ಟ ಸಕ್ಕರೆಯ ರುಚಿ ಮುಂದೆ ಬಂದು ಅನಾನಸ್ ಹಿಂದೆ ಸರಿಯುತ್ತೆ. ಬಣ್ಣವಂತೂ ಹಾಲು ಜಾಸ್ತಿಯಾದ ಕಾಫಿ. ಒಳಗೆ ಬಿಳಿ ರಮ್ 40 ಮಿಲಿ ಹಾಕಿ, ಗ್ಲಾಸಿಗೆ ಸುರಿದ ಮೇಲೆ ಓಲ್ಡ್ ಮಾಂಕ್ 10 ಮಿಲಿ ಚಮಚದ ಬೆನ್ನ ಮೇಲಿಂದ ನಿಧಾನಕ್ಕೆ ಬಿಡಿ. ಕೆಳಗಿನ ಸಿಹಿ ಮಿಶ್ರಣಕ್ಕಿಂತ ರಮ್ ಹಗುರ, ಮೇಲೇ ನಿಲ್ಲುತ್ತೆ. ಬಿಳಿ ನೊರೆಯ ಮೇಲೆ ಕಂದು ಪಟ್ಟಿ, ಮೂಗಿಗೆ ಮೊದಲು ಅದರ ಘಮ, ಆಮೇಲೆ ಬಾಯಿಗೆ ಕಾಯಿ. ಮೇಲೆ ಜಾಯಿಕಾಯಿ ಎರಡು ಸಲ ತುರಿದರೆ ಇನ್ನೂ ಚೆನ್ನ.

ಒಂದು ತಮಾಷೆ: ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ನ ಕರೀಬೆ ಹಿಲ್ಟನ್ ಹೋಟೆಲಿನ ರಾಮೋನ್ ಮರ್ರೆರೊ ಈ ಡ್ರಿಂಕ್ ಮಾಡಿದ್ದು 1954ರಲ್ಲಿ ಅಂತ ಹೋಟೆಲಿನವರ ಲೆಕ್ಕ. ಓಲ್ಡ್ ಮಾಂಕ್ ಮಾರುಕಟ್ಟೆಗೆ ಬಂದಿದ್ದೂ 1954ರಲ್ಲೇ. ಅದೇ ಊರಿನ ಬರ್ರಾಚಿನಾ ರೆಸ್ಟೋರೆಂಟ್ ಮಾತ್ರ 1963ರಲ್ಲಿ ನಮ್ಮಲ್ಲೇ ಹುಟ್ಟಿದ್ದು ಅಂತ ಬಾಗಿಲಲ್ಲಿ ಕಲ್ಲು ನೆಟ್ಟು ಕೂತಿದೆ. ಜಗಳ ಇನ್ನೂ ಮುಗಿದಿಲ್ಲ. 1978ರಲ್ಲಿ ಪೋರ್ಟೊ ರಿಕೊ ಇದನ್ನು ತನ್ನ ಅಧಿಕೃತ ಪಾನೀಯ ಅಂತ ಸಾರಿತು.

ಬಿಳಿ ರಮ್‌ಗೆ ದುಬಾರಿಯದ್ದು ಬೇಡ, ಬಕಾರ್ಡಿ ಸಾಕು. ಅದರ ಘಟಕ ನಂಜನಗೂಡಿನಲ್ಲೇ ಇದೆ, ಊರು ರಸಬಾಳೆಗಷ್ಟೇ ಅಲ್ಲ. ಕಾಯಿ ಫ್ಲೇವರ್ ಹಾಕಿದ ರಮ್ ಬೇಡವೇ ಬೇಡ, ಸೋಪಿನ ವಾಸನೆ ಹೊಡೆಯುತ್ತೆ.

ಇನ್ನೊಂದು, ಎಲ್ಲರೂ ಮಿಕ್ಸಿ ಮಿಕ್ಸಿ ಅಂತಿದ್ದೀರಿ. ಸ್ಪ್ಯಾನಿಷ್‌ನಲ್ಲಿ ಪಿನ್ಯಾ ಅಂದರೆ ಅನಾನಸ್, ಕೊಲಾಡಾ ಅಂದರೆ ಸೋಸಿದ್ದು. ಹೆಸರೇ ಸೋಸಿದ ರಸ ಅಂತ ಹೇಳ್ತಿದೆ. ರಸ ತೆಗೆದು ಸೋಸಿ ಶೇಕರ್‌ನಲ್ಲಿ ಮಾಡಿದ್ದಕ್ಕೆ ಇರೋ ಹಗುರ, ಮಿಕ್ಸಿಯದ್ದಕ್ಕೆ ಬರಲ್ಲ. ರಮ್ 50, ಕ್ರೀಮ್ 30, ಸೋಸಿದ ರಸ 60, ನಿಂಬೆ 10. ಶೇಕರ್ ತುಂಬ ದೊಡ್ಡ ಐಸ್, ಹದಿನೈದು ಸೆಕೆಂಡ್ ಜೋರಾಗಿ ಕುಲುಕಿ, ಪುಡಿ ಐಸ್ ತುಂಬಿದ ಗ್ಲಾಸಿಗೆ ಸೋಸಿ. ತಾಜಾ ಅನಾನಸ್ ರಸ ತಾನಾಗೇ ಒಂದು ಬೆರಳು ನೊರೆ ಕೊಡುತ್ತೆ. ಶೇಕರ್ ಇಲ್ಲದಿದ್ದರೆ ಮುಚ್ಚಳ ಬಿಗಿಯಾಗಿರೋ ಸ್ಟೀಲ್ ಬಾಟಲಿ ನಡೆಯುತ್ತೆ.

ಅಳತೆಲೋಟ:

ಶೇಕರ್ ವಾದ ಒಪ್ಪುತ್ತೇನೆ, ಇಬ್ಬರಿಗಾದರೆ. ಇಪ್ಪತ್ತು ಗ್ಲಾಸ್ ಕುಲುಕೋರು ಯಾರು?

ಶನಿವಾರಸಂಜೆ:

ಕ್ರೀಮ್ ಮಾಡಿ ನೋಡಿದೆ, ಗೆರೆ ನಿಲ್ಲುತ್ತಿದೆ. ಮೇಣದ ಚೂರು ಹೋಯಿತು. ಇನ್ನು ಉಳಿದಿದ್ದು ಮಿಕ್ಸಿ. ಐಸ್ ಹಾಕಿದರೆ ಅರ್ಧ ಪುಡಿಯಾಗುತ್ತೆ, ಅರ್ಧ ಬ್ಲೇಡ್ ಮೇಲೆ ಕುಣೀತಾ ಇರುತ್ತೆ. ಇಪ್ಪತ್ತು ಗ್ಲಾಸನ್ನು ಒಂದೊಂದಾಗಿ ಮಾಡ್ತಾ ಅಡುಗೆಮನೆಯಲ್ಲೇ ಸಂಜೆ ಕಳೀಬೇಕಾ? ಅನಾನಸ್ ಯಾವ ಥರದ್ದು ತರಲಿ?

ಜಾರ್_ಬಿಗಿಯಾಗಿದೆಯಾ:

ಮಿಕ್ಸಿ ಬ್ಲೇಡ್ ಇರೋದು ರುಬ್ಬೋದಕ್ಕೆ, ಐಸ್ ಒಡೆಯೋದಕ್ಕಲ್ಲ. ಐಸನ್ನು ದಪ್ಪ ಟವೆಲಿನಲ್ಲಿ ಸುತ್ತಿ ಲಟ್ಟಣಿಗೆಯಲ್ಲಿ ಕುಟ್ಟಿ, ಕಡಲೆಕಾಳಿನ ಗಾತ್ರಕ್ಕೆ ಬರಲಿ. ಟವೆಲ್ ನೀರು ಹೀರಿಕೊಳ್ಳುತ್ತೆ, ಹಾಗಾಗಿ ನೀರು ಸುರಿಯದ ಐಸ್ ಒಳಗೆ ಹೋಗುತ್ತೆ. ಇದೂ ಲೆಕ್ಕಕ್ಕೆ ಬರುತ್ತೆ.

ಜಾರಿಗೆ ಹಾಕೋ ಕ್ರಮ: ಕೆಳಗೆ ದ್ರವ, ಅಂದರೆ ರಮ್ ಮತ್ತು ನಿಂಬೆ, ಅದರ ಮೇಲೆ ಅನಾನಸ್ ಹೋಳು. ಇಪ್ಪತ್ತು ಸೆಕೆಂಡ್ ನುಣ್ಣಗೆ ಮಾಡಿ. ಆಮೇಲೆ ಕ್ರೀಮ್, ಕೊನೆಗೆ ಐಸ್. ಈಗ ನಾಬನ್ನು ಎಡಕ್ಕೆ, ಪಲ್ಸ್ ಕಡೆಗೆ ತಿರುಗಿಸಿ ಬಿಡಿ, ತಿರುಗಿಸಿ ಬಿಡಿ, ಎಂಟು ಹತ್ತು ಸಲ. ಸದ್ದು ಕೇಳ್ತಾ ಇರಿ. ಮೊದಲು ಕಲ್ಲು ಉರುಳಿದ ಹಾಗೆ ಲೊಟಲೊಟ, ಆಮೇಲೆ ಗರಗರ, ಕೊನೆಗೆ ದೋಸೆಹಿಟ್ಟು ರುಬ್ಬುವಾಗಿನ ಮಂದ ಸದ್ದು. ಆ ಮಂದ ಸದ್ದು ಬಂದ ಕೂಡಲೇ ನಿಲ್ಲಿಸಿ. ಅದಾದ ಮೇಲೆ ತಿರುಗಿಸುವ ಒಂದೊಂದು ಸೆಕೆಂಡೂ ಐಸನ್ನು ನೀರು ಮಾಡುತ್ತೆ, ಬ್ಲೇಡ್ ಉಜ್ಜಿ ಬಿಸಿಯಾಗ್ತಿರುತ್ತೆ. ನೀವು ಎರಡು ನಿಮಿಷ ಓಡಿಸಿದ್ದರಿಂದಲೇ ಅರ್ಧ ಕೆಟ್ಟಿದ್ದು.

ಒಂದೂವರೆ ಲೀಟರ್ ಜ್ಯೂಸ್ ಜಾರಿಗೆ ಒಂದು ಸಲಕ್ಕೆ ಮೂರು ಗ್ಲಾಸ್. ಅದಕ್ಕಿಂತ ಜಾಸ್ತಿ ತುಂಬಿದರೆ ಮೇಲಿನ ಐಸ್ ಕೆಳಗೆ ಬರೋದೇ ಇಲ್ಲ. ಚಟ್ನಿ ಜಾರ್ ಬಳಸಬೇಡಿ, ಎಷ್ಟು ತೊಳೆದರೂ ಗ್ಯಾಸ್ಕೆಟ್‌ನಲ್ಲಿ ಬೆಳ್ಳುಳ್ಳಿ ಕೂತಿರುತ್ತೆ, ಕ್ರೀಮ್ ಅದನ್ನು ಹೀರುತ್ತೆ.

ಹಣ್ಣು: ಬನವಾಸಿ, ಸೊರಬ ಕಡೆಯಿಂದ ಬರೋ ದೊಡ್ಡದು ಕ್ಯೂ ತಳಿ, ರಸ ಜಾಸ್ತಿ, ಸಿಹಿ ಮಧ್ಯಮ. ಕ್ವೀನ್ ಅಂತ ಬರೋದು ಚಿಕ್ಕದು, ತಿರುಳು ಕಡು ಹಳದಿ, ಘಮ ಜಾಸ್ತಿ. ಎರಡೂ ಸಿಕ್ಕರೆ ಮಿಕ್ಸ್ ಮಾಡಿ. ಅನಾನಸ್ ಕಿತ್ತ ಮೇಲೆ ಬಣ್ಣ ತಿರುಗುತ್ತೆ, ಮೆತ್ತಗಾಗುತ್ತೆ, ಸಿಹಿ ಮಾತ್ರ ಏರಲ್ಲ. ನಾಲ್ಕು ದಿನ ಇಟ್ಟರೆ ಹಣ್ಣಾಗುತ್ತೆ ಅಂತ ಅಂಗಡಿಯವರು ಹೇಳಿದ್ದಕ್ಕೆ ತಲೆಯಾಡಿಸಿ, ಬುಡ ಮೂಸಿ ನೋಡಿ ಘಮ ಇದ್ದರೆ ಮಾತ್ರ ತನ್ನಿ. ಹುಳಿವಾಸನೆ, ಹೆಂಡದ ವಾಸನೆ ಬಂದರೆ ಮೀರಿದೆ ಅಂತ. ಕಣ್ಣು ಪೂರ್ತಿ ತೆಗೀರಿ, ನಡುವಿನ ದಿಂಡು ಬಿಸಾಡಿ, ದಿಂಡಿನ ನಾರು ಸ್ಟ್ರಾಗೆ ಸಿಕ್ಕಿಕೊಳ್ಳುತ್ತೆ. ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರ್‌ನಲ್ಲಿಡಿ, ಗಟ್ಟಿಯಾದ ಮೇಲೆ ಕವರಿಗೆ ತುಂಬಿ. ನೇರ ಕವರಿಗೆ ತುಂಬಿದರೆ ಒಂದೇ ಬಂಡೆ.

ಎಡಿಸನ್_ಮಿಸಳ್:

ಅಮೆರಿಕದಲ್ಲಿರೋರಿಗೆ ಒಂದು ಮಾತು. ಇಲ್ಲಿ ಕೊಕೊ ಲೋಪೆಜ್, ಗೋಯಾ ಎರಡೂ ಬ್ರ್ಯಾಂಡ್ ದಿನಸಿ ಅಂಗಡಿಯಲ್ಲಿ ಸಿಗುತ್ತೆ. ಹೆಸರು ಸರಿಯಾಗಿ ಓದಿ: ಕ್ರೀಮ್ ಆಫ್ ಕೊಕೊನಟ್ ಅಂದರೆ ಸಿಹಿಯದ್ದು, ಕೊಕೊನಟ್ ಕ್ರೀಮ್ ಅಂದರೆ ಸಪ್ಪೆ. ಎರಡು ಪದ ಹಿಂದುಮುಂದಾದರೆ ಡ್ರಿಂಕ್ ಕೆಟ್ಟಿತು. ಡಬ್ಬ ತೆರೆದಾಗ ಮೇಲೆ ಬಿಳಿ ಗಡ್ಡೆ, ಕೆಳಗೆ ಪಾಕ ಇರೋದು ಸಹಜ, ಹಾಳಾಗಿಲ್ಲ. ತೆರೆಯೋಕೆ ಮುಂಚೆ ಬಿಸಿನೀರಲ್ಲಿ ಐದು ನಿಮಿಷ ಇಟ್ಟು ಚೆನ್ನಾಗಿ ಅಲ್ಲಾಡಿಸಿ. ಇದು ಮೇಲಿನ ಮನೆ ಕ್ರೀಮ್‌ಗಿಂತ ಸಿಹಿ ಜಾಸ್ತಿ, ನಿಂಬೆ 15 ಮಿಲಿಗೆ ಏರಿಸಿ. ಊರಿಗೆ ಬರುವಾಗ ಡಬ್ಬ ಹೊತ್ತು ತರೋ ಅಗತ್ಯ ಇಲ್ಲ, ಬಲಿತಕಾಯಿ ಹೇಳಿದ ಕ್ರೀಮೇ ಇದಕ್ಕಿಂತ ಮೇಲು.

ಅಳತೆಲೋಟ:

ಅಡುಗೆಮನೆಯಲ್ಲಿ ಸಿಕ್ಕಿಕೊಳ್ಳಬಾರದು ಅಂದರೆ ಹಿಂದಿನ ರಾತ್ರಿಯೇ ಫ್ರೀಜರ್‌ಗೆ ಹಾಕಿ. ಐಸ್ ಬದಲು ಗ್ಲಾಸಿಗೆ 50 ಮಿಲಿ ಕುಡಿಯೋ ನೀರು, ಉಳಿದೆಲ್ಲ ಅದೇ ಅಳತೆ. ರುಬ್ಬಿ, ಅಗಲವಾದ ಮುಚ್ಚಳದ ಡಬ್ಬದಲ್ಲಿ ಎರಡು ಇಂಚು ಎತ್ತರಕ್ಕೆ ಸುರಿದು ಎಂಟು ಹತ್ತು ಗಂಟೆ ಇಡಿ. ಆಲ್ಕೋಹಾಲ್, ಸಕ್ಕರೆ ಎರಡೂ ಇರೋದರಿಂದ ಐಸ್‌ಕ್ಯಾಂಡಿ ಥರ ಕಲ್ಲಾಗಲ್ಲ, ಫೋರ್ಕಲ್ಲಿ ಕೆದಕಿದರೆ ಮುರಮುರ ಹರಳಾಗಿ ಬರುತ್ತೆ. ಜಾರಲ್ಲಿ ಮೂರು ಪಲ್ಸ್ ಕೊಟ್ಟು ಸುರಿಯಿರಿ. ರಮ್ ಜಾಸ್ತಿ ಸುರಿದರೆ ಇದು ಗಟ್ಟಿಯಾಗೋದೇ ಇಲ್ಲ, ಧಾರಾಳತನ ಬೇಡ. ಓಲ್ಡ್ ಮಾಂಕ್ ಇದರೊಳಗೆ ಹಾಕಬೇಡಿ, ಕೊಡುವಾಗ ಮೇಲೆ.

ಒಂದು ಷರತ್ತು. ರಾತ್ರಿಯಿಡೀ ಇಡೋದಾದರೆ ಕಿಣ್ವಕ್ಕೆ ಕಾಯಿಹಾಲಿನ ಪ್ರೋಟೀನ್ ಕತ್ತರಿಸಲೂ ಹೊತ್ತು ಸಿಗುತ್ತೆ, ಅದಕ್ಕೇ ಅನಾನಸ್ ಬಿಸಿ ಮಾಡಲೇಬೇಕು. ಹೋಳುಗಳನ್ನು ನೀರು ಹಾಕದೆ ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಇಡಿ, ಒಳಗಿನ ಹೋಳೂ ಮುಟ್ಟಲಾರದಷ್ಟು ಬಿಸಿಯಾಗಿ ರಸ ಬಿಡಬೇಕು. ಆರಿಸಿ, ಬಿಟ್ಟ ರಸದ ಸಮೇತ ಬಳಸಿ. ತಾಜಾ ಘಮ ಸ್ವಲ್ಪ ಹೋಗುತ್ತೆ. ಅದಕ್ಕೆ ಕಾಲು ಭಾಗ ಹಸಿ ಹೋಳನ್ನು ಬೇರೆ ಇಟ್ಟುಕೊಂಡು ಕೊನೆಯ ಪಲ್ಸ್‌ನಲ್ಲಿ ಸೇರಿಸಿ.

ನಿಮ್ಮ ಸಂಜೆಯ ಸಾಮಾನು: ಕುಡಿಯೋರ 16 ಗ್ಲಾಸಿಗೆ 40 ಮಿಲಿಯಂತೆ ಬಿಳಿ ರಮ್ 640 ಮಿಲಿ, ಒಂದು ಫುಲ್ ತಂದರೆ ಮಿಗುತ್ತೆ. ಮೇಲೆ ಬಿಡೋಕೆ ಓಲ್ಡ್ ಮಾಂಕ್ 160 ಮಿಲಿ, ಒಂದು ಕ್ವಾರ್ಟರ್. ಒಟ್ಟು 20 ಗ್ಲಾಸಿಗೆ ತೆಂಗಿನಹಾಲು ಎರಡು ಪ್ಯಾಕೆಟ್, ಸಕ್ಕರೆ 320 ಗ್ರಾಂ. ಅನಾನಸ್ ತಿರುಳು 2 ಕೆಜಿ ಬೇಕು. ಸಿಪ್ಪೆ, ದಿಂಡು, ಜುಟ್ಟು ಕಳೆದರೆ ಅರ್ಧದಷ್ಟೇ ಕೈಗೆ ಸಿಗೋದು, ಹಾಗಾಗಿ 4 ಕೆಜಿ ಹಣ್ಣು. ನಿಂಬೆ ಹದಿನೈದು, ಒಂದರಲ್ಲಿ 15 ಮಿಲಿ ರಸ ಬಂದರೆ ಹೆಚ್ಚು. ರಸವನ್ನು ಅದೇ ದಿನ ಹಿಂಡಿ, ನಿನ್ನೆಯದ್ದು ಕಹಿ.

ಕುಡಿಯದ ಇಬ್ಬರಿಗೆ ರಮ್ ಬಿಟ್ಟರೆ ಸಾಲದು, ಆಗ ಅದು ಬರೀ ಸಿಹಿ ಗಂಜಿ. ರಮ್ ಇದ್ದ ಜಾಗಕ್ಕೆ ಎಳನೀರು 40 ಮಿಲಿ, ನಿಂಬೆ 15 ಮಿಲಿ, ಉಪ್ಪು ಒಂದು ಚಿಟಿಕೆ, ಶುಂಠಿರಸ ಎರಡು ಹನಿ. ಗಂಟಲಿಗೆ ತಾಗೋ ಆ ಖಾರ ರಮ್‌ನ ಜಾಗ ತುಂಬುತ್ತೆ. ಮೊದಲು ಇದನ್ನೇ ರುಬ್ಬಿ, ಆಮೇಲೆ ಅದೇ ಜಾರಲ್ಲಿ ರಮ್‌ನದ್ದು. ಎರಡೂ ನೋಡೋಕೆ ಒಂದೇ ಥರ, ಗ್ಲಾಸೇ ಬೇರೆ ಇರಲಿ. ಸ್ಟ್ರಾ ಬಣ್ಣ ನಂಬಬೇಡಿ.

ಒಂದು ಗ್ಲಾಸಲ್ಲಿ ಒಟ್ಟು ರಮ್ 50 ಮಿಲಿ, ಲಾರ್ಜ್‌ಗೆ ಹತ್ತೇ ಮಿಲಿ ಕಮ್ಮಿ. ನಮ್ಮ ರಮ್ 42.8 ಶೇಕಡಾ, ಅಂದರೆ ಗ್ಲಾಸಿಗೆ ಸುಮಾರು 17 ಗ್ರಾಂ ಆಲ್ಕೋಹಾಲ್. ಮಿಲ್ಕ್‌ಶೇಕ್ ರುಚಿ ಇರೋದರಿಂದ ಹತ್ತು ನಿಮಿಷಕ್ಕೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚ್ತಾರೆ. ಎರಡನೇ ಸುತ್ತನ್ನು ಊಟ ಬಡಿಸಿದ ಮೇಲೇ ತನ್ನಿ, ಗಾಡಿ ಕೀ ಮೊದಲೇ ಇಸ್ಕೊಳ್ಳಿ.

ಗ್ಲಾಸ್_ಬೆನ್ನಿಗೆ_ಬಾರ್:

ಗ್ಲಾಸ್ ಬಗ್ಗೆ: 300 ಮಿಲಿಯ ಉದ್ದನೆಯದು, ಅರ್ಧ ಗಂಟೆ ಮೊದಲೇ ಫ್ರೀಜರ್‌ನಲ್ಲಿರಲಿ. ಇಲ್ಲದಿದ್ದರೆ ಸ್ಟೀಲ್ ಲೋಟ, ಬೇಗ ತಣ್ಣಗಾಗುತ್ತೆ, ಹೊರಗೆ ಬೆವರೋದೂ ಚೆಂದ. ತೆಳು ಪೇಪರ್ ಸ್ಟ್ರಾ ಐದು ನಿಮಿಷಕ್ಕೆ ಮುದ್ದೆ, ದಪ್ಪನೆಯ ಅಗಲ ಬಾಯಿಯದ್ದು ತನ್ನಿ. ಅಲಂಕಾರಕ್ಕೆ ಅನಾನಸ್ ಬಿಲ್ಲೆ ಒಂದು, ಜುಟ್ಟಿನ ಎಲೆ ಎರಡು. ಬೇಕರಿ ಚೆರಿ ಬೇಕಾದರೆ ಇಡಿ, ಆದರೆ ನಮ್ಮಲ್ಲಿ ಆ ಹೆಸರಲ್ಲಿ ಸಿಗೋದು ಬಹುಪಾಲು ಬಣ್ಣ ಹಾಕಿದ ಕವಳೆಕಾಯಿ. ಜೊತೆಗೆ ಸಿಹಿ ಏನೂ ಇಡಬೇಡಿ, ಕೋಡುಬಳೆ ಅಥವಾ ಕಾಂಗ್ರೆಸ್ ಕಡಲೇಬೀಜ ಸಾಕು.

ಶನಿವಾರಸಂಜೆ:

ಫ್ರೀಜರ್ ಉಪಾಯ ಮಾಡುತ್ತೇನೆ. ಕೊನೆಯ ಪ್ರಶ್ನೆ, ನಡುವೆ ಕರೆಂಟ್ ಹೋಗಿ ಕರಗಿದರೆ?

ಅಳತೆಲೋಟ:

ಬಾಗಿಲು ತೆಗೆಯದಿದ್ದರೆ ಒಂದೆರಡು ಗಂಟೆಗೆ ಏನಾಗಲ್ಲ. ಪೂರ್ತಿ ಕರಗಿದರೆ ಕ್ರೀಮ್ ಮೇಲೆ ಬಂದಿರುತ್ತೆ, ಗಾಬರಿ ಬೇಡ. ಜಾರಿಗೆ ಹಾಕಿ ಗ್ಲಾಸಿಗೆ 30 ಗ್ರಾಂ ಪುಡಿ ಐಸ್ ಸೇರಿಸಿ ಪಲ್ಸ್ ಕೊಡಿ. ಸ್ವಲ್ಪ ತೆಳುವಾಗುತ್ತೆ, ಕುಡಿಯೋಕೆ ಅಡ್ಡಿಯಿಲ್ಲ. ಕರಗಿದ್ದನ್ನು ಹಾಗೇ ಮತ್ತೆ ಫ್ರೀಜ್ ಮಾಡಬೇಡಿ, ಈ ಸಲ ಐಸ್ ಹರಳು ದಪ್ಪ ಬಂದು ಬಾಯಲ್ಲಿ ಮರಳು ಮರಳು.